ಗಾಲಿಕುರ್ಚಿ ಹುಡುಕುವ ಪೂಂಗೊಡಿ

ಪೂಂಗೊಡಿ ತೆಳ್ಳಗಿನ ಕಪ್ಪು ಹೆಂಗಸು. ಮೂಗಿನ ಎರಡೂ ಕಡೆ ಮೂಗುತಿ, ಮಾತು ಕಮ್ಮಿ. ಕೊಯಮತ್ತೂರಿನ ನಮ್ಮ ಆಸ್ಪತ್ರೆಗೆ ಆಯಾ ಕೆಲಸಕ್ಕೆ ಬಂದ ತಿಂಗಳಲ್ಲೇ, ಫೋನು ನೋಡಿ ಗಾಲಿಕುರ್ಚಿ ಹುಡುಕಿ ತರುತ್ತಾಳೆ ಅಂತ ಎಲ್ಲರ ಬಾಯಲ್ಲೂ ಅವಳದೇ ಹೆಸರು. ನನ್ನವರು ತೀರಿಕೊಂಡ ವರ್ಷದಿಂದ ಅಲ್ಲೇ ಆಯಾ ಆಗಿ ಸವೆದ ನನಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಐದು ಮಹಡಿಗೆ ಇದ್ದದ್ದು ಹನ್ನೊಂದು ಗಾಲಿಕುರ್ಚಿ. ಒಂದೊಂದು ವಾರ್ಡಿನವರೂ ತಮಗಿರಲಿ ಅಂತ ಪರದೆ ಹಿಂದೆ ಬಚ್ಚಿಡುವರು. ಇಪ್ಪತ್ತು ವರ್ಷ ಅವನ್ನು ಹುಡುಕಿ ತಂದವಳು ನಾನು. ಆಮೇಲೆ ಪ್ರತಿ ಕುರ್ಚಿಗೂ ಅಂಗಿ ಗುಂಡಿಯಷ್ಟು ಬಿಲ್ಲೆ ಅಂಟಿಸಿದರು. ಅದು ಕ್ಷಣಕ್ಕೊಮ್ಮೆ, ನಮ್ಮ ಕಿವಿಗೆ ಕೇಳಿಸದ ಹಾಗೆ, ಬ್ಲೂಟೂತಿನಲ್ಲಿ ‘ಇಲ್ಲಿದ್ದೇನೆ’ ಅಂತ ಕೂಗುವುದಂತೆ. ಗೋಡೆಗಳಿಗೆ ಹಾಕಿದ ಡಬ್ಬಿ ಅದನ್ನು ಕೇಳಿಸಿಕೊಂಡು ಫೋನಿನಲ್ಲಿ ಜಾಗ ತೋರಿಸುವುದು. ಎರಡೇ ತಿಂಗಳಿಗೆ ಸೆಲ್ಲು ಖಾಲಿ. ಸೆಲ್ಲು ಬಾಳಲಿ ಅಂತ ಅರ್ಧ ನಿಮಿಷಕ್ಕೊಮ್ಮೆ ಕೂಗುವ ಹಾಗೆ ಮಾಡಿದರು. ಅಲ್ಲಿಂದ ಶುರುವಾಯಿತು ಫಜೀತಿ. ಫೋನು ತೋರಿಸಿದ ಕಡೆ ಹೋದರೆ ಕುರ್ಚಿ ಆಗಲೇ ಮುಂದೆ ಹೋಗಿರುತ್ತಿತ್ತು.

"ಕುರ್ಚಿಗೆ ಒಬ್ಬರು ಸಾಕು, ಇನ್ನೊಬ್ಬರು ನೆಲ ಒರೆಸಲಿ. ಯಾರು ಅಂತ ಈ ವಾರ ನೋಡಿ ಹೇಳ್ತೀನಿ" ಅಂದರು ನಮ್ಮಿಬ್ಬರಿಗೂ ಕೆಲಸ ಹಂಚುವ ಸ್ಟೆಲ್ಲಾ ಸಿಸ್ಟರ್. ನೆಲ ಒರೆಸಲು ನನ್ನ ಮಂಡಿ ಬಗ್ಗುತ್ತಿರಲಿಲ್ಲ.

ಶುಕ್ರವಾರ ಒಬ್ಬ ಬಸುರಿ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. "ಕುರ್ಚಿ!" ಅಂತ ಸಿಸ್ಟರ್ ಕೂಗಿದರು. ಫೋನು ಎಕ್ಸ್‌ರೇ ಕೋಣೆ ತೋರಿಸಿತು. ಆದರೆ ಅಲ್ಲಿಂದ ಖಾಲಿ ಕುರ್ಚಿ ಲಿಫ್ಟಿನ ಕಡೆ ಹೋದದ್ದನ್ನು ನಾನು ಆಗತಾನೇ ಕಂಡಿದ್ದೆ.

"ಅಕ್ಕಾ, ನೀವೇನಾದ್ರೂ ನೋಡಿದ್ರಾ?" ಅಂತ ಪೂಂಗೊಡಿ ಕೇಳಿದಳು.

"ಫೋನಿನ ರಾಣಿ ನೀನು. ಅದನ್ನೇ ಕೇಳೇ!"

ಅವಳು ಎಕ್ಸ್‌ರೇ ಕಡೆ ಓಡಲಿ, ಅಷ್ಟರಲ್ಲಿ ನಾನು ಲಿಫ್ಟಿನಿಂದ ತಂದುಬಿಡೋಣ ಅಂತ ನನ್ನ ಲೆಕ್ಕ. ಅವಳು ಓಡಲಿಲ್ಲ. ಬಿಲ್ಲೆ ಕೊನೆಯ ಸಲ ಕೂಗಿದ ಹೊತ್ತನ್ನು ಫೋನಿನಲ್ಲಿ ನೋಡಿದಳು.

"ಬಿಲ್ಲೆ ಕೂಗಿ ಇಪ್ಪತ್ತು ಸೆಕೆಂಡಾಯ್ತು. ಎಕ್ಸ್‌ರೇ ಮುಗಿಸಿದೋರು ಲಿಫ್ಟಿಗೇ ತಳ್ಳೋದು, ಇಷ್ಟೊತ್ತಿಗೆ ಅದರ ಹತ್ರ ಇರ್ತಾರೆ" ಅಂದವಳೇ ಅತ್ತ ಹಾರಿದಳು. ನಾನು ಅರ್ಧ ದಾರಿ ಕುಂಟುವಷ್ಟರಲ್ಲಿ ಕುರ್ಚಿ ತಳ್ಳಿಕೊಂಡು ನನ್ನನ್ನು ದಾಟಿ ಹೋದಳು.

ಆ ಬಸುರಿಗೆ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಹೆಣ್ಣು ಮಗು ಹುಟ್ಟಿತು. ಕುರ್ಚಿ ಕಂಡೂ ನಾನು ಬಾಯಿ ಮುಚ್ಚಿಕೊಂಡದ್ದನ್ನು ಯಾರಿಗೂ ಹೇಳಲಿಲ್ಲ.

ಸೋಮವಾರದಿಂದ ಕುರ್ಚಿ ಅವಳದು, ಒರೆಸುವ ಬಟ್ಟೆ ನನ್ನದು. ಮಧ್ಯಾಹ್ನ ಅವಳೇ ಬಂದು, "ಎರಡನೇ ಮಹಡಿ ನಾನು ಒರೆಸ್ತೀನಿ, ಕೂತ್ಕೊಳ್ಳಿ ಅಕ್ಕಾ" ಅಂದಳು.

"ನಿನ್ನ ದಯೆ ನೀನೇ ಇಟ್ಕೋ" ಅಂದೆ.

ಅವಳು ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡಳು. ನಾನು ಬೆಂಚಿನ ಮೇಲೆ ಕೂತು, ಎಲ್ಲಾದರೂ ಕಲೆ ಬಿಡುತ್ತಾಳೇನೋ ಅಂತ ಕೊನೆವರೆಗೂ ನೋಡಿದೆ. ಒಂದೂ ಬಿಡಲಿಲ್ಲ, ಹಾಳಾದವಳು.