ಹನುಮಂತನ ರಜೆ

ಗುಂತಕಲ್ಲಿನಲ್ಲಿ ರೈಲು ಬದಲಿಸಿ ಹೊಸಪೇಟೆಯಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ. ಎಂಬತ್ತರ ದಶಕದ ಒಂದು ಶ್ರಾವಣ. ಜಿಟಿಜಿಟಿ ಮಳೆ ಹಿಡಿದಿತ್ತು. ಹೆಗಲ ಚೀಲದಲ್ಲಿ ಬಿಳಿ ಬಟ್ಟೆ ಸುತ್ತಿದ ತಾಮ್ರದ ತಂಬಿಗೆ, ಅದರಲ್ಲಿ ನನ್ನ ತಮ್ಮ ಹನುಮಂತನ ಅಸ್ಥಿ. ಮಸ್ಕತ್ತಿನ ನಮ್ಮ ಹೊಲಿಗೆ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಮಷೀನಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ದಹನ ಅಲ್ಲೇ ಆಯಿತು. ಅಸ್ಥಿ ತರುತ್ತಿದ್ದೇನೆಂದು ಕಂಪ್ಲಿಯಲ್ಲಿದ್ದ ಅವನ ಹೆಂಡತಿ ಗಂಗಮ್ಮನಿಗೆ ತಂತಿ ಕೊಟ್ಟಿದ್ದೆ.

ಅವನು ಊರು ನೋಡಿ ನಾಲ್ಕು ವರ್ಷವಾಗಿತ್ತು. ಪ್ರತಿ ವರ್ಷ ರಜೆ ಕೇಳುತ್ತಿದ್ದ. ರಂಜಾನ್ ಸೀಸನ್ ಮುಗಿಯಲಿ ಅನ್ನುತ್ತಿದ್ದೆ; ಅದು ಮುಗಿದರೆ ಬಕ್ರೀದ್, ಆಮೇಲೆ ಶಾಲೆಯ ಸಮವಸ್ತ್ರಗಳು. ನಾನೂ ರಜೆ ಹಾಕಿದವನಲ್ಲ, ಅದೇ ನನ್ನ ದೊಡ್ಡಸ್ತಿಕೆ. ಶುಕ್ರವಾರ ಊರಿಗೆಲ್ಲ ರಜೆಯಾದರೆ ನಾವು ಅಂಗಡಿಯ ಬಾಗಿಲೆಳೆದುಕೊಂಡು ಒಳಗೆ ಗುಂಡಿ ಹಚ್ಚುತ್ತಿದ್ದೆವು.

"ನಮ್ಮೂರು ಪಾಪಿನಾಯಕನಹಳ್ಳ್ಯಾಗ ಅಪ್ಪ ಸೋಮವಾರ ಎತ್ತು ಹೂಡತಿರಲಿಲ್ಲ ಅಣ್ಣಾ," ಎಂದು ಒಮ್ಮೆ ಅಂದಿದ್ದ.

"ನೀ ಎತ್ತೇನಲೇ?" ಎಂದು ನಾನು ನಕ್ಕಿದ್ದೆ.

ಅಂಗಡಿಗೆ ಬೀಗ ಹಾಕಿ ಬಂದಿದ್ದ ನನಗೆ ಊರಲ್ಲಿ ಸಿಕ್ಕಿದ್ದು ಮೂರೇ ದಿನ. ಸಂಡೂರಿನಲ್ಲಿ ಒಬ್ಬ ಒಳ್ಳೆಯ ದರ್ಜಿ ಇದ್ದಾನೆಂದು ಮುಂಬೈಯ ಪರಿಚಯದವರು ಹೇಳಿದ್ದರಿಂದ ಮೊದಲು ಅಲ್ಲಿಗೇ ಬಸ್ಸು ಹತ್ತಿದೆ. ಮೂರು ರೂಪಾಯಿ ಟಿಕೆಟ್ಟು. ಎದುರಿಗೆ ಬರುವ ಅದಿರಿನ ಲಾರಿಗಳು ಕಿಟಕಿಗೆಲ್ಲ ಕೆಂಪು ರಾಡಿ ಎರಚುತ್ತಿದ್ದವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ: ತಮ್ಮನ ಅಸ್ಥಿಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಮಷೀನಿಗೆ ಆಳು ಹುಡುಕಲು ಹೊರಟಿದ್ದೆ.

ದರ್ಜಿ ಸಂಕೋಚದ ಮನುಷ್ಯ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿ ಕೂರಿಸಿದ. ಸಂಬಳದ ಮಾತಿಗಿಂತ ಮೊದಲೇ ಕೇಳಿದ: "ರಜಾ ಹೆಂಗ್ರಿ ಅಲ್ಲಿ?"

"ವರ್ಷಕ್ಕೊಂದು ತಿಂಗಳು," ಎಂದೆ. ಹನುಮಂತನನ್ನು ಕರೆದೊಯ್ಯುವಾಗಲೂ ಇದನ್ನೇ ಹೇಳಿದ್ದೆ.

"ಮನ್ಯಾಗ ಕೇಳಿ ಹೇಳ್ತೀನ್ರಿ. ನಾಳೆ ಸಂಜಿಗೆ ಮತ್ತ ಬರ್ರಿ."

ರಾತ್ರಿಗೆ ಹೊಸಪೇಟೆಯ ಲಾಡ್ಜಿಗೆ ಮರಳಿದೆ. ಮರುದಿನ ಸಂಜೆ ಮತ್ತೆ ಸಂಡೂರು, ಮೂರನೆಯ ದಿನ ವಾಪಸು ರೈಲು ಎಂದ ಮೇಲೆ ಕಂಪ್ಲಿಗೆ ಉಳಿಯುವುದು ಅರ್ಧ ದಿನ. ಅಲ್ಲಿ ನೆಂಟರು ಸೇರಿದರೆ ಅಸ್ಥಿ ಬಿಡುವುದು ಇವತ್ತಲ್ಲ ನಾಳೆ ಅನ್ನುತ್ತಾರೆ. ಹಂಪಿ ಹೇಗೂ ದಾರಿಯಲ್ಲಿದೆ, ಎಲ್ಲಿ ಬಿಟ್ಟರೂ ಅದೇ ತುಂಗಭದ್ರೆ ಎಂದುಕೊಂಡೆ. ಜಾಣತನ ಮಾಡಿದೆನೆಂದೇ ಆಗ ಅನ್ನಿಸಿತ್ತು.

ಬೆಳಿಗ್ಗೆ ಏಳಕ್ಕೆ ಹಂಪಿ ಬಜಾರಿನಲ್ಲಿದ್ದೆ. ಕಲ್ಲು ಮಂಟಪಗಳ ಅಂಗಡಿಯವರು ಆಗಷ್ಟೇ ಬಾಳೆಹಣ್ಣಿನ ಗೊನೆ ತೂಗುಹಾಕುತ್ತಿದ್ದರು. ಹೊಳೆಯ ದಂಡೆಯಲ್ಲಿ ಸಿಕ್ಕ ಪುರೋಹಿತರು ನನ್ನ ಹಿಂದೆ ಮುಂದೆ ನೋಡಿದರು.

"ಮನಿಯವರು ಯಾರೂ ಬಂದಿಲ್ಲೇನ್ರಿ?"

"ನಾನಽ ಅವನ ಅಣ್ಣ. ಜಲ್ದಿ ಮುಗಿಸ್ರಿ."

ಅರ್ಧ ಗಂಟೆಯಲ್ಲಿ ಮುಗಿಯಿತು. ಹೊಳೆ ತುಂಬಿ ಹರಿಯುತ್ತಿತ್ತು. ಬೂದಿ ಕಣ್ಣಿಗೆ ಕಂಡದ್ದು ಒಂದು ಕ್ಷಣ. ಅತ್ತುಬಿಟ್ಟೆ. ಅಳುತ್ತಲೇ ಗಡಿಯಾರ ನೋಡಿದೆ.

ಕಮಲಾಪುರದಿಂದ ಕಂಪ್ಲಿಯ ಬಸ್ಸು ಸಿಕ್ಕಿತು. ಕಾಲುವೆಗೆ ನೀರು ಬಿಟ್ಟಿದ್ದರು. ದಾರಿಯುದ್ದಕ್ಕೂ ಭತ್ತದ ನಾಟಿ, ಹೆಂಗಸರ ಹಾಡು. ಇಂಥ ಶ್ರಾವಣದಲ್ಲೇ ಊರಿಗೆ ಬರಬೇಕೆಂದು ಹನುಮಂತ ಅನ್ನುತ್ತಿದ್ದ.

ಗಂಗಮ್ಮನ ಮನೆ ರಸ್ತೆಯ ಅಂಚಿನಲ್ಲೇ ಇತ್ತು. ಅಂಗಳದ ಬೇವಿನ ಮರಕ್ಕೆ ಹೊಸ ಹಗ್ಗವೊಂದನ್ನು ಕಟ್ಟಿ ಇಳಿಬಿಟ್ಟಿದ್ದರು. ಅದರ ಕೆಳಗೆ ನೆಲ ಸಾರಿಸಿತ್ತು. ಯಾಕೆಂದು ನನಗೆ ಹೊಳೆಯಲಿಲ್ಲ. ನನ್ನನ್ನು ಕಂಡದ್ದೇ ಅವಳು ಎದ್ದು ಎರಡೂ ಕೈ ಚಾಚಿದಳು.

"ಕೊಡ್ರಿ ಭಾವಾರ. ಒಳಗ ತರಬಾರದು ಅಂತಾರ. ಗಿಡಕ್ಕ ಕಟ್ಟಿ ಇವತ್ತೊಂದು ದಿನ ಬಾಜೂಕ ಕುಂದರ್ತೀನಿ. ನಾಳಿ ಹೊಳಿಗೆ ಬಿಡೂಣಂತ."

ಚೀಲದಿಂದ ತಂಬಿಗೆ ತೆಗೆದು ಕೊಟ್ಟೆ. ಅದು ಹಗುರಾಗಿದ್ದುದು ಅವಳ ಕೈಗೆ ತಿಳಿಯಿತು. ಬಟ್ಟೆ ಸರಿಸಿ ಒಳಗೆ ನೋಡಿದಳು.

"ಹಂಪ್ಯಾಗ ಬಿಟ್ಟು ಬಂದೆ ತಂಗಿ," ಎಂದೆ. "ಟೈಮ್ ಇರಲಿಲ್ಲ."

"ನಮ್ಮೂರಾಗೂ ಅದಽ ಹೊಳಿ ಹರೀತದಲ್ರಿ," ಎಂದಳು. ದನಿ ಏರಲಿಲ್ಲ. ತಂಬಿಗೆಗೆ ಬಟ್ಟೆಯನ್ನು ಮತ್ತೆ ಸುತ್ತಿ, ನನ್ನ ಮುಖ ನೋಡಿ ಕೇಳಿದಳು: "ಸತ್ತ ಮ್ಯಾಲಾದ್ರೂ ಅವರಿಗೆ ಒಂದು ದಿನ ರಜಾ ಕೊಡಬಾರದಿತ್ತೇನ್ರಿ, ಭಾವಾರ?"

ನಾನು ಸಂಡೂರಿಗೆ ಹೋಗಲಿಲ್ಲ. ವರ್ಷಕ್ಕೊಂದು ತಿಂಗಳು ರಜೆ ಎಂಬ ಮಾತನ್ನು ಆ ದರ್ಜಿಗೆ ಮತ್ತೆ ಕೊಡಲಾರೆನೆನ್ನಿಸಿತು. ಉಳಿಯಿರಿ ಎಂದು ಗಂಗಮ್ಮ ಅನ್ನಲಿಲ್ಲ, ಉಳಿಯುತ್ತೇನೆ ಅನ್ನಲು ನನಗೆ ಮುಖವಿರಲಿಲ್ಲ. ಸಂಜೆಯ ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಸಾರಿಸಿದ ನೆಲದ ಪಕ್ಕದಲ್ಲಿ, ಹೇಳಿದಂತೆಯೇ, ಅವಳು ಕೂತಿದ್ದಳು.