ಕುಂಕುಮ ಹಚ್ಚಿದ ಡಬ್ಬಿ

ಆ ವರ್ಷದ ದಿನಚರಿಯನ್ನು ಈಚೆಗೆ ತೆಗೆದು ನೋಡಿದೆ. ಮಗಳ ಬಗ್ಗೆ ನಾಲ್ಕು ಕಡೆ ಬರೆದಿದ್ದೇನೆ, ಹಾರ್ಡ್ ಡಿಸ್ಕುಗಳ ಬಗ್ಗೆ ಹನ್ನೊಂದು ಪುಟ. ಯಾವುದರ ಫ್ಯಾನು ಎಷ್ಟು ಸದ್ದು ಮಾಡುತ್ತದೆ, ಯಾವುದರಲ್ಲಿ ಎಷ್ಟು ಹಿಡಿಸುತ್ತದೆ, ಯಾವುದು ಟಿ.ವಿ.ಯೊಂದಿಗೆ ಹೊಂದಿಕೊಂಡು ಹೋಗುತ್ತದೆ ಎಂದೆಲ್ಲ ಗೆರೆ ಎಳೆದು ಕೋಷ್ಟಕ ಹಾಕಿದ್ದೇನೆ. ಮಗಳಿಗೆ ಆಗ ಎಂಟು ವರ್ಷ ಎಂಬುದನ್ನು ಮಾತ್ರ ಬೆರಳು ಮಡಚಿ ಎಣಿಸಿ ತಿಳಿಯಬೇಕಾಯಿತು. ಆದ್ದರಿಂದ ಮುಂದೆ ಹೇಳುವುದರಲ್ಲಿ ಡಿಸ್ಕಿನ ವಿವರಗಳನ್ನು ನಂಬಬಹುದು. ಉಳಿದದ್ದು ನನ್ನ ನೆನಪು.

ಆಗ ನಾವು ಅಮೆರಿಕದ ಡಾಲಸ್ಸಿನ ಉತ್ತರಕ್ಕಿರುವ ಅಲೆನ್‌ನಲ್ಲಿ ಮನೆ ಮಾಡಿಕೊಂಡಿದ್ದೆವು. ದೀಪಾವಳಿಗೆ ಮುಂಚೆ ಹುಬ್ಬಳ್ಳಿಯಿಂದ ಅತ್ತೆ ಬರುವವರಿದ್ದರು. ಪ್ರತಿ ಶನಿವಾರ ಫೋನಿನಲ್ಲಿ ಅವರು ಮೊಮ್ಮಗಳನ್ನು "ಊಟಾ ಆತೇನವಾ?" ಎಂದು ಕೇಳುವರು, ಇವಳು "ಯಾ, ಐ ಏಟ್" ಎನ್ನುವಳು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಒಂದು ಕನ್ನಡದ ಪದವೂ ಹೊರಡುತ್ತಿರಲಿಲ್ಲ.

"ನಮ್ಮವ್ವ ಬಂದ ಕೂಡ್ಲೆ ಕೇಳ್ತಾಳ, ಹುಡುಗಿಗೆ ಕನ್ನಡ ಯಾಕ ಕಲಿಸ್ಲಿಲ್ಲ ಅಂತ. ನಾ ಏನ್ ಹೇಳ್ಲಿ?" ಎಂದಳು ಹೆಂಡತಿ.

"ಕಲಿಸಿದ್ವಿ, ಸ್ಕೂಲಿಗೆ ಹೋದ್ಮೇಲೆ ಬಿಟ್ಬಿಟ್ಲು ಅಂತ ಹೇಳು. ಪ್ರೂಫ್ ಇದೆ."

"ಎಲ್ಲೈತ್ರಿ ನಿಮ್ಮ ಪ್ರೂಫು?"

ಪ್ರೂಫ್ ಇತ್ತು. ಮಗಳಿಗೆ ಮೂರು ವರ್ಷವಾಗಿದ್ದಾಗ ನಾನೇ ತೆಗೆದ ವಿಡಿಯೊ. ಅಡುಗೆಮನೆಯ ನೆಲದ ಮೇಲೆ ಕೂತು, ಗೊಂಬೆಗಳಿಗೆ ಊಟ ಬಡಿಸುತ್ತ, ಒಂದು ಇಂಗ್ಲಿಷ್ ಪದವೂ ಇಲ್ಲದೆ ಪಟಪಟ ಕನ್ನಡ ಮಾತಾಡುತ್ತಾಳೆ. ಹಾಗೆಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ತಪ್ಪು ನಮ್ಮದಲ್ಲ, ಅಮೆರಿಕದ್ದು ಎಂದು ಅತ್ತೆಯ ಮುಂದೆ ಸಾಬೀತು ಮಾಡಲು ಅಷ್ಟು ಸಾಕಿತ್ತು.

ಆ ವಿಡಿಯೊ ಮಹಡಿಯ ಕೋಣೆಯ ಕಂಪ್ಯೂಟರಿನಲ್ಲಿತ್ತು. ಮೂಲ ಟೇಪು ಉಳಿದಿರಲಿಲ್ಲ. ಅದರ ಮೇಲೆಯೇ ಕನ್ನಡ ಸಂಘದ ಕಾರ್ಯಕ್ರಮವೊಂದನ್ನು ರೆಕಾರ್ಡ್ ಮಾಡಿದ್ದೆ. ಮೊಸರಿನ ಖಾಲಿ ಡಬ್ಬಿಯನ್ನು ತೊಳೆದು ಸಾರು ತುಂಬಿಡುವ ಮನೆಯಲ್ಲಿ ಟೇಪನ್ನು ಒಂದೇ ಸಲ ಬಳಸಿ ಇಡುವುದುಂಟೆ? ಟಿ.ವಿ. ಇದ್ದದ್ದು ಕೆಳಗಿನ ಹಾಲಿನಲ್ಲಿ. "ಒಂದು ಡಿವಿಡಿ ಮಾಡಿ ಹಾಕ್ರಿ, ಮುಗೀತು" ಎಂದಳು ಹೆಂಡತಿ. ಅದು ಸರಿಯಾದ ಸಲಹೆ ಎಂದು ಈಗ ಬರೆಯುವುದು ಸುಲಭ. ಆಗ ನನಗೆ ಒಂದು ವಿಡಿಯೊ ತೋರಿಸಿದರೆ ಸಾಲದಾಗಿತ್ತು, ಒಂದು ವ್ಯವಸ್ಥೆ ಬೇಕಿತ್ತು. ಮನೆಯ ಫೋಟೊ, ಹಾಡು, ವಿಡಿಯೊ ಎಲ್ಲವೂ ಒಂದೇ ಉಗ್ರಾಣದಲ್ಲಿ ಕೂತು, ಯಾವ ಕೋಣೆಯಲ್ಲಿ ಕೇಳಿದರೂ ಅಲ್ಲಿಗೇ ಬರಬೇಕು. ಅದಕ್ಕೆ ನೆಟ್‌ವರ್ಕ್ ಸ್ಟೋರೇಜ್ ಎಂಬ, ಒಳಗೆ ಹಾರ್ಡ್ ಡಿಸ್ಕ್ ಇರುವ ಡಬ್ಬಿಗಳು ಆಗಷ್ಟೇ ಮನೆಬಳಕೆಗೆ ಬರತೊಡಗಿದ್ದವು.

ನಮ್ಮ ಪೈಕಿ ಯಾರೂ ನಾಲ್ಕು ಜನರನ್ನು ಕೇಳದೆ ಏನನ್ನೂ ಕೊಳ್ಳುವುದಿಲ್ಲ. ಕೇಳಿದವರೆಲ್ಲ ತಾವು ಕೊಂಡದ್ದನ್ನೇ ಕೊಳ್ಳಲು ಹೇಳುತ್ತಾರೆ. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿದ್ದ ಹಳೆಯ ಸಹಪಾಠಿಗೆ ಮೊದಲು ಫೋನ್ ಮಾಡಿದೆ.

"ಲೋ, ಡಬ್ಬಿ ಕೊಂಡ್ಕೋತಾನಂತೆ ಡಬ್ಬಿ! ಇಂಜಿನಿಯರಿಂಗ್ ಓದಿದ್ದು ಯಾಕೋ? ಹಳೇ ಪಿಸಿ ಇದ್ಯಲ್ಲ, ಅದನ್ನೇ ಸರ್ವರ್ ಮಾಡು. ನಾನು ಬಟ್ಟೆ ಕ್ಲಾಸೆಟ್ಟಲ್ಲಿ ಇಟ್ಟಿದ್ದೀನಿ."

"ಹೇಗೆ ಕೆಲಸ ಮಾಡ್ತಿದೆ?"

"ಎರಡು ವಾರದಿಂದ ಆನ್ ಆಗ್ತಿಲ್ಲ. ಅದು ಬೇರೆ ವಿಷಯ."

ಆಸ್ಟಿನ್ ಆಚೆ ಲಿಯಾಂಡರ್‌ನಲ್ಲಿದ್ದ ಇನ್ನೊಬ್ಬ ಗೆಳೆಯ ಹೆಚ್ಚು ಗಂಭೀರ ಮನುಷ್ಯ. "ಎರಡು ಡಿಸ್ಕ್ ಇರೋದೇ ತಗೋ ಗುರು. ಎರಡರಲ್ಲೂ ಅದೇ ಫೈಲ್ ಇರುತ್ತೆ. ಒಂದು ಸತ್ರೂ ಇನ್ನೊಂದು ಬದುಕಿರುತ್ತೆ. ನೆಮ್ಮದಿ" ಎಂದ. ನೆಮ್ಮದಿ ಎಂಬ ಪದಕ್ಕೆ ನಾನು ದಿನಚರಿಯಲ್ಲಿ ಎರಡು ಸಲ ಅಡಿಗೆರೆ ಎಳೆದಿದ್ದೇನೆ.

ಎರಡು ಡಿಸ್ಕಿನ ಬಿಳಿ ಡಬ್ಬಿ ಮನೆಗೆ ಬಂತು. ನಮ್ಮ ಮನೆಗೆ ಬಂದ ಕಾರು, ಫ್ರಿಜ್ಜು, ಮೈಕ್ರೊವೇವ್‌ಗಳಿಗೆ ಆದ ಹಾಗೆಯೇ ಅದಕ್ಕೂ ಪೂಜೆಯಾಯಿತು. ಹೆಂಡತಿ ಅದರ ನೆತ್ತಿಗೆ ಕುಂಕುಮ ಹಚ್ಚಿ, ಎರಡು ಕಾಳು ಅಕ್ಷತೆ ಹಾಕಿದಳು.

"ಮಾಮ್, ಇಟ್ಸ್ ಜಸ್ಟ್ ಅ ಹಾರ್ಡ್ ಡ್ರೈವ್" ಎಂದಳು ಮಗಳು.

"ಇರ್ಲಿ ಬಿಡವಾ. ನಿಮ್ಮಪ್ಪ ತಂದಾರ, ದೇವ್ರ ಕಾಪಾಡ್ಬೇಕು."

ಕೈ ಮುಗಿದವಳೇ ಅಡುಗೆಮನೆಯ ಗೋಡೆಗೆ ಹೋಗಿ, ಊರಿಂದ ತರಿಸಿದ ಪಂಚಾಂಗದ ಕ್ಯಾಲೆಂಡರಿನಲ್ಲಿ, ಮೂವತ್ತು ದಿನ ಮುಂದಿನ ಚೌಕದೊಳಗೆ, ಏಕಾದಶಿಯ ಕೆಳಗೆ, 'ಡಬ್ಬಿ ವಾಪಸ್ ಕಡೇ ದಿನ' ಎಂದು ಬರೆದಳು. ಇದನ್ನು ಅವಳಿಗೆ ಕಲಿಸಿದ್ದು ನಾನೇ. ಈ ದೇಶದಲ್ಲಿ ಕೊಂಡದ್ದನ್ನು ತಿಂಗಳೊಳಗೆ ಹಿಂದಿರುಗಿಸಬಹುದು ಎಂದು ತಿಳಿದ ದಿನದಿಂದ ನಾವು ಯಾವ ವಸ್ತುವನ್ನೂ ಪೂರ್ತಿಯಾಗಿ ಕೊಂಡಿರಲೇ ಇಲ್ಲ. ಗ್ಯಾರೇಜಿನಲ್ಲಿ ಕಾರಿಗಿಂತ ಹೆಚ್ಚು ಜಾಗ ಖಾಲಿ ಪೆಟ್ಟಿಗೆಗಳಿಗಿತ್ತು.

ಒಂದು ಭಾನುವಾರವಿಡೀ ಕೂತು ಎಲ್ಲವನ್ನೂ ಡಬ್ಬಿಗೆ ಕಾಪಿ ಮಾಡಿದೆ. ಕಂಪ್ಯೂಟರ್ ತುಂಬಿ ಏದುಸಿರು ಬಿಡುತ್ತಿದ್ದುದರಿಂದ ಅಲ್ಲಿದ್ದ ವಿಡಿಯೊಗಳನ್ನು ಅಳಿಸಿದೆ. ಒಂದು ಸತ್ತರೂ ಇನ್ನೊಂದು ಬದುಕಿರುತ್ತದೆ ಎಂದು ಹೆಂಡತಿಗೆ ವಿವರಿಸಿದೆ.

"ಎರಡೂ ಒಂದ ಡಬ್ಬಿಯೊಳಗ ಅದಾವಲ್ರಿ?" ಎಂದಳು.

"ನಿನಗೆ ಅರ್ಥ ಆಗಲ್ಲ" ಎಂದೆನೋ, "ಅದು ಹಾಗಲ್ಲ" ಎಂದೆನೋ. ಎರಡನೆಯದೇ ಇರಲಿ ಎಂಬುದು ನನ್ನ ಆಸೆ.

ಡಬ್ಬಿಯ ಬಗ್ಗೆ ನನ್ನ ದೂರುಗಳು ಎರಡನೆಯ ವಾರ ಶುರುವಾದವು. ಫ್ಯಾನಿನ ಸದ್ದಿಗೆ ಹಾಲಿನಲ್ಲಿ ಕೂರಲಾಗುತ್ತಿರಲಿಲ್ಲ. ಅದನ್ನು ಟಿ.ವಿ.ಗೆ ಜೋಡಿಸಲು ತಂದ ಉಪಕರಣವು ಫೈಲಿನ ಹೆಸರನ್ನು ತೋರಿಸುತ್ತಿತ್ತು, ವಿಡಿಯೊ ಹಾಕು ಎಂದರೆ ಮೌನ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ವಾಪಸ್ ಮಾಡೋಣ ಎಂದು ನಾನು ಖಚಿತವಾಗಿ ಹೇಳಿರಲಿಲ್ಲ ಎಂದು ಆಮೇಲೆ ಬಹಳ ದಿನ ವಾದಿಸಿದೆ. ದಿನಚರಿಯಲ್ಲಿ ಮೂರು ಕಡೆ, ನನ್ನದೇ ಕೈಬರಹದಲ್ಲಿ, ಇದೆ: 'ವಾಪಸ್ ಮಾಡಿ ಬೇರೆ ತರುವುದು.'

ಆಫೀಸಿನ ಕೆಲಸಕ್ಕೆ ಎರಡು ದಿನ ಆಸ್ಟಿನ್‌ಗೆ ಹೋಗಿ ಲಿಯಾಂಡರ್ ಗೆಳೆಯನ ಮನೆಯಲ್ಲಿ ಉಳಿದಿದ್ದೆ. ಸಂಜೆ ಚಹಾ ಕುಡಿಯುತ್ತಿರುವಾಗ ಹೆಂಡತಿಯ ಫೋನು.

"ಒಂದು ಕೆಲಸಾ ಮುಗೀತ್ರಿ. ನಿಮ್ಮ ಡಬ್ಬಿ ಕೊಟ್ಟ ಬಂದೆ. ಇವತ್ತ ಕಡೇ ದಿನಾ ಇತ್ತು. ವಾಯರ್ ಎಲ್ಲಾ ಸುತ್ತಿ, ಥರ್ಮೊಕೋಲ್ ಇಟ್ಟು, ಹೆಂಗ ಬಂದಿತ್ತೋ ಹಂಗ. ಒಂದು ಮಾತು ಕೇಳಲಿಲ್ಲ ಅವ್ರು."

"ಅದರೊಳಗೆ ವಿಡಿಯೊ ಇತ್ತು!"

"ಒಂದ್ ಹೋದ್ರ ಇನ್ನೊಂದು ಇರ್ತೈತಿ ಅಂದಿದ್ರಿ?"

"ಎರಡೂ ಅದರೊಳಗೇ ಇದ್ದಿದ್ದು."

"ನಾ ಮೊದ್ಲ ಅದನ್ನ ಕೇಳಿದ್ನೆಲ್ರಿ" ಎಂದಳು.

ಗೆಳೆಯ ನಗು ತಡೆಯಲು ಕಪ್ಪು ಕೆಳಗಿಟ್ಟ. "ಡಿಸ್ಕ್ ಸತ್ರೆ ಅಂತ ಹೇಳಿದ್ದು ಗುರು. ಮನೆಯವರು ವಾಪಸ್ ಕೊಟ್ರೆ ಅಂತ ಅಲ್ಲ."

ಮಾರನೆಯ ದಿನ ಕೆಲಸ ಅರ್ಧಕ್ಕೇ ಬಿಟ್ಟು ಡ್ರೈವ್ ಮಾಡಿಕೊಂಡು ಬಂದೆ. ನೇರ ಅಂಗಡಿಗೆ. ಹೆಂಡತಿ, ಮಗಳು ಅಲ್ಲಿಗೇ ಬಂದಿದ್ದರು. ಪೆಟ್ಟಿಗೆ ಒಡೆದ, ಹಿಂದಿರುಗಿ ಬಂದ ಸಾಮಾನುಗಳಿಗೆ ಅಲ್ಲೊಂದು ಬೇರೆ ಕಪಾಟಿತ್ತು. ಅದರಲ್ಲಿ ನಮ್ಮ ಡಬ್ಬಿಯಂಥವು ಮೂರು, ಅಕ್ಕಪಕ್ಕ, ಬೆಳ್ಳಗೆ. ನನ್ನ ಕೋಷ್ಟಕಕ್ಕೆ ಅವುಗಳ ನಡುವೆ ಯಾವ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ. ಗುರುತಿನ ನಂಬರು ಪೆಟ್ಟಿಗೆಯ ಮೇಲಿತ್ತು, ಪೆಟ್ಟಿಗೆಯನ್ನು ಅವರು ಎಸೆದಿದ್ದರು. ಹೆಂಡತಿ ಬಗ್ಗಿ ಒಂದೊಂದರ ನೆತ್ತಿಯನ್ನೂ ನೋಡಿದಳು. ನಡುವಿನದರ ಮೇಲೆ ಬೆರಳಿಟ್ಟಳು. ಅವಳು ಒದ್ದೆ ಬಟ್ಟೆಯಿಂದ ಒರೆಸಿದ್ದರೂ ಗಾಳಿಯಾಡುವ ಸಂದಿನಲ್ಲಿ ಕುಂಕುಮ ಗುಲಾಬಿ ಬಣ್ಣಕ್ಕೆ ತಿರುಗಿ ಉಳಿದಿತ್ತು.

"ಇದ ನೋಡ್ರಿ ನಮ್ದು. ದೇವ್ರ ಕಾಪಾಡಿದ."

ಅದಕ್ಕೆ ಅಂಟಿಸಿದ ಚೀಟಿಯಲ್ಲಿ, 'ಮೇಲೆ ಸಣ್ಣ ಕಲೆಯಿದೆ, ಕೆಲಸಕ್ಕೆ ಅಡ್ಡಿಯಿಲ್ಲ' ಎಂಬ ಅರ್ಥದ ಇಂಗ್ಲಿಷ್ ಷರಾ ಇತ್ತು. ಕಲೆಯಿಲ್ಲದ ಎರಡನ್ನು ಬಿಟ್ಟು ಇದೇ ಬೇಕೆ ಎಂದು ಕೌಂಟರಿನ ಹೆಂಗಸು ಎರಡು ಸಲ ಕೇಳಿದಳು. ಇದೇ ಬೇಕೆಂದೆ. ಕಲೆಗೆಂದು ಬೆಲೆಯಲ್ಲಿ ಇನ್ನಷ್ಟು ಬಿಟ್ಟಳು. ನನ್ನ ಬೆನ್ನ ಹಿಂದಿನಿಂದ ಹೆಂಡತಿ ಪಿಸುಗುಟ್ಟಿದಳು: "ಮತ್ತ ಮೂವತ್ ದಿನಾ ಕೊಡ್ತಾರೇನು ಕೇಳ್ರಿ."

ಮನೆಗೆ ತಂದು ನೋಡಿದರೆ ಒಳಗಿದ್ದದ್ದನ್ನು ಯಾರೂ ಮುಟ್ಟಿರಲಿಲ್ಲ. ಆ ಹೊತ್ತಿಗೆ ನನಗೆ ವ್ಯವಸ್ಥೆಯ ಹುಚ್ಚು ಇಳಿದಿತ್ತು. ವಿಡಿಯೊವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ, ಒಂದು ವಾಯರಿನಿಂದ ಟಿ.ವಿ.ಗೆ ಸಿಕ್ಕಿಸಿದೆ. ಮೊದಲು ನಾನೊಬ್ಬನೇ ನೋಡಬೇಕಿತ್ತೇನೋ. ನೋಡಲಿಲ್ಲ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತೇ ಇತ್ತಲ್ಲ.

ಅತ್ತೆ ಬಂದ ಮೇಲಿನ ಮೊದಲ ಭಾನುವಾರ, ಊಟ ಮುಗಿಸಿ ಎಲ್ಲರೂ ಟಿ.ವಿ. ಮುಂದೆ ಕೂತೆವು. ಮೂರು ವರ್ಷದ ಮಗಳು, ಅಡುಗೆಮನೆಯ ನೆಲ, ಗೊಂಬೆಗಳು. ಅಷ್ಟು ನನ್ನ ನೆನಪಿನಂತೆಯೇ ಇತ್ತು.

"ಅಪ್ಪಾ, ಇಲ್ನೋಡ್ರಿ. ಇಕಿಗೆ ಸಾರು ಬ್ಯಾಡಂತ" ಎಂದಳು ಮಗು, ತಾಯಿಯ ಧಾಟಿಯಲ್ಲೇ. ಅತ್ತೆಯ ಮುಖ ಅರಳಿತು. ನಾನು ಹೆಂಡತಿಯ ಕಡೆ ನೋಡಿದೆ.

"ಒನ್ ಸೆಕೆಂಡ್, ಬೇಬಿ" ಎಂದಿತು ಕ್ಯಾಮೆರಾದ ಹಿಂದಿನ ದನಿ.

"ಅಪ್ಪಾ, ನೀವು ಉಣ್ತೀರೇನ್ರಿ?"

"ಹೋಲ್ಡ್ ಆನ್. ಲುಕ್ ಅಟ್ ದ ಕ್ಯಾಮೆರಾ."

"ಯಾಕ ಮಾತಾಡ್ವಲ್ರಿ?"

"ಸೇ ಹಾಯ್ ಟು ಅಜ್ಜಿ. ಕಮಾನ್."

ಹೀಗೇ ನಾಲ್ಕೈದು ಸಲ. ಕೊನೆಗೆ ಮಗು ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಕ್ಯಾಮೆರಾ ನೋಡಿ, "ಹಾಯ್ ಅಜ್ಜಿ. ಲುಕ್, ಶಿ ಈಸ್ ಈಟಿಂಗ್" ಎಂದಿತು. "ಗುಡ್ ಗರ್ಲ್!" ಎಂದಿತು ದನಿ.

ನನ್ನ ನೆನಪಿನಲ್ಲಿ ಆ ದನಿ ಇರಲೇ ಇಲ್ಲ.

"ಹುಡುಗಿ ಎಷ್ಟ ಛಂದ ಮಾತಾಡ್ಯಾಳ" ಎಂದರು ಅತ್ತೆ. ಆಮೇಲೆ ತಮ್ಮ ಮಗಳ ಕಡೆ ತಿರುಗಿ, "ಹಿಂದ ನಿಂತ ಇಂಗ್ಲಿಷ್ ಮಾತಾಡಾಕತ್ತಾರಲ್ಲ, ಅವರ್ಯಾರವಾ? ನಿಮ್ಮ ಆಫೀಸ್ನವರಾ?"

ಹೆಂಡತಿ ನನ್ನ ಕಡೆ ನೋಡಿದಳು.

"ದಟ್ಸ್ ಅಪ್ಪಾ!" ಎಂದು ಮಗಳು ಬಿದ್ದು ಬಿದ್ದು ನಕ್ಕಳು. "ಪ್ಲೇ ಇಟ್ ಅಗೇನ್."

"ಒನ್ ಸೆ..." ಎಂದು ಶುರು ಮಾಡಿದವನು ತಡೆದುಕೊಂಡೆ. "ಹಾಕ್ತೀನಿ ಇರು" ಎಂದೆ.

ಆ ದಿನದ ದಿನಚರಿಯಲ್ಲಿ ಇದೊಂದೂ ಇಲ್ಲ. 'ಡಬ್ಬಿಯನ್ನು ಮಹಡಿಯಲ್ಲಿಟ್ಟರೆ ಫ್ಯಾನಿನ ಸದ್ದು ಕೆಳಗೆ ಕೇಳಿಸುವುದಿಲ್ಲ' ಎಂದು ಒಂದು ಸಾಲು ಬರೆದಿದ್ದೇನೆ.