ಕೈ ಹೊರಗೆ ತೆಗೆಯಬೇಡ

ರೋನ್ ನದಿಯ ದಂಡೆಯ ಅಣು ಇಂಧನದ ಕಾರ್ಖಾನೆಯಲ್ಲಿ ಜೋಸ್ಯಾನ್ ಮತ್ತು ನಾನು ಇಪ್ಪತ್ತಾರು ವರ್ಷ ಒಂದೇ ಗಾಜಿನ ಪೆಟ್ಟಿಗೆಯ ಮುಂದೆ ನಿಂತವರು. ಪೆಟ್ಟಿಗೆಯ ಗೋಡೆಗೇ ಕೂಡಿಸಿದ ದಪ್ಪ ರಬ್ಬರ್ ಗವಸುಗಳೊಳಗೆ ತೋಳು ತೂರಿಸಿ ಯುರೇನಿಯಂ, ಪ್ಲುಟೋನಿಯಂ ಆಕ್ಸೈಡುಗಳ ಪುಡಿ ಬೆರೆಸುವುದು, ಜರಡಿ ಹಿಡಿಯುವುದು, ಒತ್ತಿದ ಬಿಲ್ಲೆಗಳನ್ನು ಕುಲುಮೆಗೆ ಜೋಡಿಸುವುದು. ಸಾವಿರದ ಏಳುನೂರು ಡಿಗ್ರಿಯಲ್ಲಿ ಬೆಂದು ಬರುವಾಗ ಅವು ಕುಗ್ಗಿ ಕಲ್ಲಾಗಿರುತ್ತಿದ್ದವು. ಪೆಟ್ಟಿಗೆಗಳನ್ನು ಗಂಡಸರ ಅಳತೆಗೆ ಮಾಡಿದ್ದರು. ನಾವು ಮಣೆ ಹಾಕಿಕೊಂಡು ನಿಲ್ಲುತ್ತಿದ್ದೆವು. ಅವಳ ಭುಜಗಳು ಐವತ್ತಕ್ಕೇ ಸೋತವು.

ಆ ವಸಂತದಲ್ಲಿ, ಎರಡು ವರ್ಷ ಮುಂಚೆಯೇ ನಿವೃತ್ತಿ ಬಯಸುವವರಿಗೆ ಅರ್ಜಿ ಹಂಚಿದರು. ಅದನ್ನು ಕೊಡಲು ಸೋಮವಾರ ಕೊನೆಯ ದಿನ. ಅವಳ ಗಂಡ ಗೀಲೆಮ್ ಆಗಲೇ ಕೆಲಸ ಬಿಟ್ಟು ಗೆಳೆಯರ ಜೊತೆ ಅಂಗಳದಲ್ಲಿ ಕಬ್ಬಿಣದ ಗುಂಡು ಎಸೆಯುವ ಆಟ ಆಡಿಕೊಂಡಿದ್ದ. ಸಹಿ ಹಾಕು, ಮನೆಯಲ್ಲಿ ಆರಾಮವಾಗಿರು ಎಂದು ದಿನವೂ ಹೇಳುತ್ತಿದ್ದ. ದಣಿದಿದ್ದ ಅವಳೂ ಹೂಂ ಎಂದಿದ್ದಳು.

ನಮಗೆ ಮೊದಲ ದಿನವೇ ಕಲಿಸಿದ್ದು: ಗವಸು ಹರಿದು ಏನಾದರೂ ಚುಚ್ಚಿದರೆ ಕೈ ಹೊರಗೆ ತೆಗೆಯಬೇಡ. ಅಲ್ಲೇ ಇಟ್ಟು ಕೂಗು. ಪಕ್ಕದವಳು ಬಂದು ನಿಲ್ಲುತ್ತಾಳೆ. ವಿಕಿರಣ ಅಳೆಯುವವರು ಬರುವ ತನಕ ಅವಳು ಕದಲುವುದಿಲ್ಲ.

ಅದರ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಅವಳ ಮನೆಯಲ್ಲಿ ಎಂಟು ಜನರ ಊಟವಾಗಿತ್ತು. ಬೆಳ್ಳುಳ್ಳಿ ಸಾಸು ಮೆತ್ತಿದ ತಟ್ಟೆಗಳನ್ನು ತೊಳೆಯುವಾಗ ನೊರೆಯೊಳಗಿದ್ದ ಚಾಕು ಅವಳ ಹೆಬ್ಬೆರಳಿಗೆ ಇಳಿಯಿತು. ಅವಳು ಕೈ ತೆಗೆಯಲಿಲ್ಲ. ನೀರಿನಲ್ಲೇ ಇಟ್ಟು, ಕಾರ್ಖಾನೆಯಲ್ಲಿ ಕೂಗುವ ಹಾಗೆ ಕೂಗಿದಳು: "ಚುಚ್ಚಿತು."

"ಬಂದೆ ಕಣೇ" ಎಂದ ಗೀಲೆಮ್, ಅಂಗಳದಿಂದ.

ಗುಂಡಿಗೆ ಗುಂಡು ತಾಗಿತು. ಯಾರೋ ನಕ್ಕರು. ನೊರೆ ಕೆಂಪಾಯಿತು. ಮತ್ತೆ ಕೂಗಿದಳು.

"ಹಾಗೇ ಬರ್ತಾ ಕಾಫಿ ತಂದ್ಬಿಡೇ" ಎಂದ ಗೀಲೆಮ್, ಅಲ್ಲಿಂದಲೇ.

ಗೋಡೆ ಗಡಿಯಾರದಲ್ಲಿ ಹನ್ನೊಂದು ನಿಮಿಷ ಹೋಯಿತಂತೆ. ಆಮೇಲೆ ತಾನೇ ಕೈ ತೆಗೆದು ಬಟ್ಟೆ ಸುತ್ತಿಕೊಂಡಳು. ಕಾಫಿ ಇಟ್ಟಳು. ಉಳಿದ ತಟ್ಟೆಗಳನ್ನು ಒಂದೇ ಕೈಯಲ್ಲಿ ತೊಳೆದಳು.

ಗಾಯವಿದ್ದವರನ್ನು ಪೆಟ್ಟಿಗೆಯ ಹತ್ತಿರ ಬಿಡುವುದಿಲ್ಲ. ಸೋಮವಾರ ಕಾರ್ಖಾನೆಯ ನರ್ಸ್ ಪಟ್ಟಿ ಕಟ್ಟಿ, ಹತ್ತು ದಿನ ಗವಸು ಮುಟ್ಟುವ ಹಾಗಿಲ್ಲ, ಕುಲುಮೆಯ ಪರದೆ ನೋಡಿಕೊಂಡು ಕುರ್ಚಿಯಲ್ಲಿ ಕೂತಿರು ಎಂದಳು.

"ಪಾತ್ರೆ ಮುಟ್ಟಬಹುದಾ?" ಎಂದು ಜೋಸ್ಯಾನ್ ಕೇಳಿದಳು. ನರ್ಸ್ ನಕ್ಕಳು. ಜೋಸ್ಯಾನ್ ನಗಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಇದನ್ನೆಲ್ಲ ನನಗೆ ಹೇಳಿ, ಬೆಂಚಿನ ಮೇಲೆ ಕೂತಳು. ಅರ್ಜಿ ಕೊಟ್ಟೆಯಾ ಎಂದೆ.

"ಇಲ್ಲ. ಇನ್ನೆರಡು ವರ್ಷ ಇಲ್ಲೇ ಇರ್ತೀನಿ ಕಣೇ" ಎಂದಳು. "ಭುಜ ನೋಯುತ್ತೆ. ನೋಯಲಿ."

ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ಅಲ್ಲಿದ್ದ ತನ್ನ ಬೀರುವಿನ ಅಲುಗಾಡುವ ಕಾಲಿನ ಕೆಳಗೆ ತುರುಕಿದಳು.